ಅಪ್‌ಡೇಟ್ ಆದ ಮೇಲೆ ವಿಎಸ್ ಕೋಡ್ ಇನ್‌ಪುಟ್ ತೆಗೆದುಕೊಳ್ಳುತ್ತಿಲ್ಲವೇ? ಮೊದಲು ಪ್ರೋಗ್ರಾಂ ಎಲ್ಲಿ ಓಡುತ್ತಿದೆ ನೋಡಿ

ಕೋಡ್ ಬರೆಯುವ ಎಡಿಟರ್ ಆದ ವಿಎಸ್ ಕೋಡ್‌ನಲ್ಲಿ ರನ್ ಒತ್ತಿದರೆ ಪ್ರೋಗ್ರಾಂ ಶುರುವಾಗುತ್ತದೆ, "ಎಂಟರ್ ಎ ನಂಬರ್" ಎಂದು ಕೇಳುತ್ತದೆ, ಅಲ್ಲಿಗೆ ನಿಂತುಬಿಡುತ್ತದೆ. 7 ಒತ್ತಿದರೆ 7 ಬೀಳುವುದಿಲ್ಲ. ಕೆಲವರಿಗೆ "ಕೆನಾಟ್ ಎಡಿಟ್ ಇನ್ ರೀಡ್-ಓನ್ಲಿ ಎಡಿಟರ್" ಎಂಬ ಪುಟ್ಟ ಸಂದೇಶ, ಕೆಲವರಿಗೆ ಪೈಥಾನ್‌ನ ಇಒಎಫ್ ಎರರ್ (ಇನ್‌ಪುಟ್ ಮುಗಿದುಹೋಗಿದೆ ಎಂಬ ದೂರು), ಇನ್ನು ಕೆಲವರಿಗೆ ಪ್ರಶ್ನೆಯೂ ಕಾಣದ ಖಾಲಿ ಪರದೆ. ಕೋಡ್ ನಿನ್ನೆ ಓಡಿದ್ದೇ. ನಡುವೆ ಆದದ್ದೆಂದರೆ ವಿಎಸ್ ಕೋಡ್ ಅಥವಾ ಅದಕ್ಕೆ ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ) ಅಪ್‌ಡೇಟ್ ಆಗಿದೆ.

ಇಂಥ ಹೊತ್ತಲ್ಲಿ ಕೋಡ್ ತಿದ್ದಲು ಕೂರಬೇಡಿ. ಬಹುತೇಕ ಸಲ ಕೆಟ್ಟಿರುವುದು ಪ್ರೋಗ್ರಾಂ ಅಲ್ಲ, ಅದು ಓಡುವ ಜಾಗ ಬದಲಾಗಿದೆ ಅಷ್ಟೆ. ನೀವು ಒತ್ತಿದ ಕೀಲಿ ಪ್ರೋಗ್ರಾಂನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ, ಅಂದರೆ ಅದು ಉತ್ತರ ಓದುವ ದಾರಿಗೆ, ತಲುಪಬೇಕಾದರೆ ಪ್ರೋಗ್ರಾಂ ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆದು ಓಡಿಸುವ ಕಿಟಕಿಯಲ್ಲಿ) ಓಡುತ್ತಿರಬೇಕು. ಬೇರೆ ಪ್ಯಾನೆಲ್‌ನಲ್ಲಿ ಓಡುತ್ತಿದ್ದರೆ ಎಷ್ಟು ಕುಟ್ಟಿದರೂ ಅದಕ್ಕೆ ಕೇಳಿಸುವುದಿಲ್ಲ.

ಮೊದಲು ಎಡಿಟರ್‌ನ ಹೊರಗೆ ಓಡಿಸಿ

ಎರಡು ನಿಮಿಷದ ಪರೀಕ್ಷೆ ಇದು, ಬಿಡಬೇಡಿ. ಫೈಲ್ ಸೇವ್ ಮಾಡಿ. ವಿಂಡೋಸ್‌ನಲ್ಲಾದರೆ ಆ ಫೋಲ್ಡರನ್ನು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿರುವುದನ್ನು ಅಳಿಸಿ ಸಿಎಂಡಿ ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಒತ್ತಿ. ಅದೇ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಲಿನಕ್ಸ್, ಮ್ಯಾಕ್‌ಗಳಲ್ಲಿ ಟರ್ಮಿನಲ್ ತೆರೆದು ಆ ಫೋಲ್ಡರ್‌ಗೆ ಹೋಗಿ. ಪೈಥಾನ್ ಆದರೆ ನೇರ ಓಡಿಸಿ. ಸಿ ಅಥವಾ ಸಿ++ ಆದರೆ ಜಿಸಿಸಿ ಅಥವಾ ಜಿ++ನಿಂದ ಕಂಪೈಲ್ ಮಾಡಿ, ಬಂದ ಫೈಲನ್ನು ಓಡಿಸಿ.

ಅಲ್ಲಿ ಇನ್‌ಪುಟ್ ಹೋಯಿತೇ? ಹಾಗಾದರೆ ಕೋಡ್ ಸರಿಯಿದೆ, ಸರಿಮಾಡಬೇಕಾದ್ದು ಎಡಿಟರನ್ನು. ಅಲ್ಲೂ ಹೋಗಲಿಲ್ಲವೇ? ಅಪ್‌ಡೇಟ್‌ಗೂ ಇದಕ್ಕೂ ಸಂಬಂಧವಿಲ್ಲ. ಕೆಳಗೆ ಉಳಿದುಹೋದ ಎಂಟರ್ ಬಗ್ಗೆ ಬರೆದಿರುವ ಭಾಗಕ್ಕೆ ಹೋಗಿ.

ಯಾವ ಪ್ಯಾನೆಲ್?

ವಿಎಸ್ ಕೋಡ್‌ನ ಕೆಳಭಾಗದಲ್ಲಿ ಪ್ರಾಬ್ಲಮ್ಸ್, ಔಟ್‌ಪುಟ್, ಡೀಬಗ್ ಕನ್ಸೋಲ್, ಟರ್ಮಿನಲ್ ಎಂಬ ಟ್ಯಾಬ್‌ಗಳಿರುತ್ತವೆ. ಪ್ರೋಗ್ರಾಂ ಓಡಿದಾಗ ಯಾವುದರ ಕೆಳಗೆ ಗೆರೆ ಬಿದ್ದಿದೆ ನೋಡಿ. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಔಟ್‌ಪುಟ್ ಬರೀ ಓದುವ ಪರದೆ. ಪ್ರೋಗ್ರಾಂ ಹೇಳಿದ್ದು ಅಲ್ಲಿ ಕಾಣುತ್ತದೆ, ನಿಮ್ಮ ಮಾತು ಒಳಗೆ ಹೋಗಲು ದಾರಿಯೇ ಇಲ್ಲ. ರೀಡ್-ಓನ್ಲಿ ಸಂದೇಶ ಬರುವುದು ಇಲ್ಲೇ.

ಡೀಬಗ್ ಕನ್ಸೋಲ್ ಇನ್ನೂ ಮೋಸದ್ದು, ಏಕೆಂದರೆ ಅಲ್ಲಿ ಟೈಪ್ ಮಾಡಲು ಸಾಲೊಂದು ಇದೆ. ಆದರೆ ಅಲ್ಲಿ ಹೊಡೆದದ್ದು ಡೀಬಗರ್‌ಗೆ (ಪ್ರೋಗ್ರಾಂನ ತಪ್ಪು ಹುಡುಕಲು ನೆರವಾಗುವ ಸಾಧನಕ್ಕೆ) ಹೋಗುತ್ತದೆ, ಪ್ರೋಗ್ರಾಂಗೆ ಅಲ್ಲ. ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್) ಪ್ರೋಗ್ರಾಂ ವಯಸ್ಸು ಕೇಳಿ ಕಾಯುತ್ತಿರುವಾಗ ಅಲ್ಲಿ 25 ಎಂದು ಹೊಡೆದರೆ, ಡೀಬಗರ್ ಅದನ್ನು ಲೆಕ್ಕವೆಂದು ತಿಳಿದು 25 ಎಂದೇ ಉತ್ತರ ಕೊಡುತ್ತದೆ. ಪ್ರೋಗ್ರಾಂ ಇನ್ನೂ ವಯಸ್ಸಿಗಾಗಿ ಕಾದೇ ಇರುತ್ತದೆ.

ಇನ್‌ಪುಟ್‌ಗೆ ಸರಿಯಾದ ಜಾಗ ಟರ್ಮಿನಲ್ ಒಂದೇ. ಪೈಥಾನ್ ಬರೆಯುವವರು ಸಂಶಯವಿದ್ದರೆ ಫೈಲ್‌ನ ಮೊದಲಿಗೆ ಸಿಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಅದರ ಎಸ್‌ಟಿಡಿಇನ್ ಮೇಲೆ ಈಸ್‌ಎಟಿಟಿವೈ ಕರೆದು ಉತ್ತರ ಪ್ರಿಂಟ್ ಮಾಡಿ ನೋಡಿ. ಟ್ರೂ ಬಂದರೆ ನಿಜವಾದ ಟರ್ಮಿನಲ್. ಫಾಲ್ಸ್ ಬಂದರೆ ಇನ್‌ಪುಟ್‌ನ ಜಾಗದಲ್ಲಿ ಯಾವುದೋ ಪೈಪ್ (ಬೇರೆ ಪ್ರೋಗ್ರಾಂ ಜೊತೆ ಜೋಡಿಸುವ ಕೊಳವೆ) ಕೂತಿದೆ.

ಲಕ್ಷಣದಿಂದಲೂ ಊಹಿಸಬಹುದು. ಪ್ರೋಗ್ರಾಂ ಸುಮ್ಮನೆ ಕಾಯುತ್ತಿದ್ದರೆ ಪೈಪ್ ತೆರೆದಿದೆ, ಅದಕ್ಕೆ ಬರೆಯುವವರು ಯಾರೂ ಇಲ್ಲ. ಪೈಥಾನ್‌ನಲ್ಲಿ ಇಒಎಫ್ ಎರರ್, ಜಾವಾದ ಸ್ಕ್ಯಾನರ್‌ನಲ್ಲಿ "ನೋ ಲೈನ್ ಫೌಂಡ್" ತಕ್ಷಣ ಬಂದರೆ ಇನ್‌ಪುಟ್ ಮುಚ್ಚಿಯೇ ಇತ್ತು. ಸಬ್ಲೈಮ್ ಟೆಕ್ಸ್ಟ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಕಂಟ್ರೋಲ್+ಬಿ ಒತ್ತಿ ಓಡಿಸುವವರಿಗೆ ಸಿಗುವುದು ಎರಡನೆಯದು. ಅಲ್ಲಿನ ಬಿಲ್ಡ್ ಪ್ಯಾನೆಲ್ ಇನ್‌ಪುಟ್ ತೆಗೆದುಕೊಳ್ಳುವುದೇ ಇಲ್ಲ. ಹೊರಗಿನ ಟರ್ಮಿನಲ್ ಬಳಸಿ, ಇಲ್ಲವೇ ಅದರೊಳಗೇ ಟರ್ಮಿನಲ್ ಕೊಡುವ ಟರ್ಮಿನಸ್ ಪ್ಯಾಕೇಜ್ ಹಾಕಿಕೊಳ್ಳಿ.

ಅಪ್‌ಡೇಟ್ ಆದ ಮೇಲೇ ಯಾಕೆ?

ಬಲಮೇಲಿನ ತ್ರಿಕೋನದ ರನ್ ಬಟನ್ ಒಂದೇ ಇದ್ದರೂ ಅದರ ಹಿಂದೆ ಹಲವು ಕೆಲಸಗಳಿವೆ. ಪಕ್ಕದ ಸಣ್ಣ ಬಾಣ ಒತ್ತಿದರೆ ರನ್ ಕೋಡ್, ರನ್ ಪೈಥಾನ್ ಫೈಲ್, ಡೀಬಗ್ ಎಂಬ ಪಟ್ಟಿ ಬರುತ್ತದೆ. ಕಡೆಯ ಸಲ ಆರಿಸಿದ್ದನ್ನು ಬಟನ್ ನೆನಪಿಟ್ಟುಕೊಳ್ಳುತ್ತದೆ. ಹೊಸ ಎಕ್ಸ್‌ಟೆನ್ಶನ್ ಬಂದು ಪಟ್ಟಿಗೆ ಹೊಸ ಸಾಲು ಸೇರಿಸಿದ್ದರೆ, ಅಥವಾ ಕೈತಪ್ಪಿ ಒಮ್ಮೆ ಬೇರೆಯದನ್ನು ಒತ್ತಿದ್ದರೆ, ಮುಂದಿನ ಸಲದಿಂದ ಅದೇ ತ್ರಿಕೋನ ಬೇರೆ ಕೆಲಸ ಮಾಡುತ್ತದೆ. ಚಿತ್ರ ಅದೇ, ಕೆಲಸ ಬೇರೆ. ಎಷ್ಟೋ ಜನ ವಿಎಸ್ ಕೋಡನ್ನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುತ್ತಾರೆ, ಈ ಬಾಣ ಒಮ್ಮೆ ಒತ್ತಿ ನೋಡಿದ್ದರೆ ಸಾಕಿತ್ತು.

ಇನ್ನೊಂದು ಕಾರಣ, ಸೆಟಿಂಗ್ಸ್ ಎರಡು ಕಡೆ ಇರುತ್ತವೆ: ಯೂಸರ್ ಮಟ್ಟದಲ್ಲಿ ಒಂದು, ವರ್ಕ್‌ಸ್ಪೇಸ್ (ತೆರೆದಿರುವ ಫೋಲ್ಡರ್) ಮಟ್ಟದಲ್ಲಿ ಒಂದು. ಎರಡರಲ್ಲೂ ಬೇರೆ ಬೇರೆ ಇದ್ದರೆ ವರ್ಕ್‌ಸ್ಪೇಸ್ ಗೆಲ್ಲುತ್ತದೆ. ಹಳೆಯ ಫೋಲ್ಡರ್‌ನಲ್ಲಿ ಸರಿಯಾಗಿದ್ದದ್ದು ಹೊಸ ಫೋಲ್ಡರ್‌ನಲ್ಲಿ ಕೆಟ್ಟಿದ್ದರೆ, ಹಳೆಯದರಲ್ಲಿ ಮಾತ್ರ ಡಾಟ್-ವಿಎಸ್‌ಕೋಡ್ ಎಂಬ ಒಳಫೋಲ್ಡರ್ ಇದೆಯೇ ನೋಡಿ. ಹೊಸ ಪ್ರೊಫೈಲ್ ಮಾಡಿಕೊಂಡಿದ್ದರೂ ಸೆಟಿಂಗ್ಸ್ ಮೊದಲಿನಿಂದ ಶುರುವಾಗಿರಬಹುದು.

ಮೇ 2021ರ ಬಿಡುಗಡೆಯಾದ 1.57ರಿಂದ ವರ್ಕ್‌ಸ್ಪೇಸ್ ಟ್ರಸ್ಟ್ ಕೂಡ ಇದೆ. ಫೋಲ್ಡರ್ ತೆರೆಯುವಾಗ ನಂಬುತ್ತೀರಾ ಎಂದು ಕೇಳಿದ್ದಕ್ಕೆ ಇಲ್ಲ ಎಂದಿದ್ದರೆ "ರೆಸ್ಟ್ರಿಕ್ಟೆಡ್ ಮೋಡ್" ಎಂದು ತೋರಿಸುತ್ತದೆ. ಆಗ ಡೀಬಗ್, ಟಾಸ್ಕ್, ಎಷ್ಟೋ ಎಕ್ಸ್‌ಟೆನ್ಶನ್‌ಗಳು ನಡೆಯುವುದಿಲ್ಲ. ನಿಮ್ಮದೇ ಕೋಡ್ ಇರುವ ಫೋಲ್ಡರ್ ಆದರೆ ಅದನ್ನೊತ್ತಿ ಟ್ರಸ್ಟ್ ಕೊಡಿ.

ಕೋಡ್ ರನ್ನರ್ ಬಳಸುವವರಿಗೆ

ಇಂಜಿನಿಯರಿಂಗ್, ಬಿಸಿಎ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ತೊಂದರೆ ಇಲ್ಲಿಯದು. ಈ ಎಕ್ಸ್‌ಟೆನ್ಶನ್ ತಾನಾಗಿ ಓಡಿಸುವುದು ಔಟ್‌ಪುಟ್ ಪ್ಯಾನೆಲ್‌ನಲ್ಲಿ. ಬದಲಿಸಲು ಕಂಟ್ರೋಲ್+ಕಾಮಾ ಒತ್ತಿ ಸೆಟಿಂಗ್ಸ್ ತೆರೆಯಿರಿ, ಮೇಲಿನ ಹುಡುಕಾಟದಲ್ಲಿ ರನ್ ಇನ್ ಟರ್ಮಿನಲ್ ಎಂದು ಇಂಗ್ಲಿಷಿನಲ್ಲಿ ಹೊಡೆಯಿರಿ, "ಕೋಡ್-ರನ್ನರ್: ರನ್ ಇನ್ ಟರ್ಮಿನಲ್" ಎಂಬುದರ ಚೌಕಕ್ಕೆ ಟಿಕ್ ಹಾಕಿ. ಯೂಸರ್ ಟ್ಯಾಬ್‌ನಲ್ಲಿ ಹಾಕಿದ ಮೇಲೆ ವರ್ಕ್‌ಸ್ಪೇಸ್ ಟ್ಯಾಬ್‌ಗೂ ಹೋಗಿ ಅಲ್ಲಿ ಟಿಕ್ ತೆಗೆದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಹಾಗೇ "ಸೇವ್ ಫೈಲ್ ಬಿಫೋರ್ ರನ್" ಎಂಬುದಕ್ಕೂ ಟಿಕ್ ಹಾಕಿ; ಇಲ್ಲದಿದ್ದರೆ ತಿದ್ದಿದ ಕೋಡ್ ಬಿಟ್ಟು ಹಳೆಯದೇ ಓಡುತ್ತಿರುತ್ತದೆ.

ಇಷ್ಟು ಮಾಡಿದರೂ ಮೂರು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ.

ಟಿಕ್ ಹಾಕುವ ಮೊದಲೇ ಶುರುವಾದ ಹಳೆಯ ಪ್ರೋಗ್ರಾಂ ಔಟ್‌ಪುಟ್ ಪ್ಯಾನೆಲ್‌ನಲ್ಲಿ ಇನ್ನೂ ಇನ್‌ಪುಟ್‌ಗಾಗಿ ಕಾಯುತ್ತಿರುತ್ತದೆ. ಹೊಸದಾಗಿ ರನ್ ಒತ್ತಿದರೆ "ಕೋಡ್ ಈಸ್ ಆಲ್ರೆಡಿ ರನ್ನಿಂಗ್" ಎನ್ನುತ್ತದೆ. ಕಂಟ್ರೋಲ್+ಆಲ್ಟ್+ಎಂ ಒತ್ತಿ ನಿಲ್ಲಿಸಿ, ಆಮೇಲೆ ಕಂಟ್ರೋಲ್+ಆಲ್ಟ್+ಎನ್ ಒತ್ತಿ ಓಡಿಸಿ.

ಟರ್ಮಿನಲ್‌ನಲ್ಲಿ ಓಡತೊಡಗಿದರೂ ಕರ್ಸರ್ ಕೋಡ್‌ನಲ್ಲೇ ಉಳಿದಿರುತ್ತದೆ. "ಪ್ರಿಸರ್ವ್ ಫೋಕಸ್" ಎಂಬ ಸೆಟಿಂಗ್ ತಾನಾಗಿ ಆನ್ ಇರುವುದೇ ಇದಕ್ಕೆ ಕಾರಣ. ನೀವು ಪ್ರಶ್ನೆಗೆ ಉತ್ತರವೆಂದು 7 ಒತ್ತುತ್ತೀರಿ, ಅದು ಸೋರ್ಸ್ ಫೈಲ್‌ನ ನಡುಮಧ್ಯೆ ಹೋಗಿ ಕೂರುತ್ತದೆ. ಮುಂದಿನ ಸಲ ಕಂಪೈಲ್ ಮಾಡಿದಾಗ ಎಲ್ಲೋ ಅರ್ಥವಾಗದ ಸಿಂಟ್ಯಾಕ್ಸ್ ಎರರ್. ಆ ಟಿಕ್ ತೆಗೆಯಿರಿ, ಅಥವಾ ಓಡಿಸಿದ ಮೇಲೆ ಟರ್ಮಿನಲ್ ಮೇಲೆ ಒಮ್ಮೆ ಕ್ಲಿಕ್ ಮಾಡುವ ರೂಢಿ ಮಾಡಿಕೊಳ್ಳಿ.

ಮೂರನೆಯದು ಜನರನ್ನು ಹೆಚ್ಚು ದಾರಿ ತಪ್ಪಿಸುವಂಥದ್ದು. ಟರ್ಮಿನಲ್‌ನಲ್ಲಿ ಮೊದಲ ಸಲ ಓಡಿದ ಪ್ರೋಗ್ರಾಂ ಇನ್ನೂ ಇನ್‌ಪುಟ್‌ಗೆ ಕಾಯುತ್ತಿದೆ. ನೀವು ಮತ್ತೆ ರನ್ ಒತ್ತುತ್ತೀರಿ. ಎಕ್ಸ್‌ಟೆನ್ಶನ್ ಏನು ಮಾಡುತ್ತದೆ? ಫೋಲ್ಡರ್‌ಗೆ ಹೋಗು, ಕಂಪೈಲ್ ಮಾಡು, ಓಡಿಸು ಎಂಬ ಉದ್ದದ ಕಮಾಂಡನ್ನು ನಿಮ್ಮ ಪರವಾಗಿ ಟರ್ಮಿನಲ್‌ನಲ್ಲಿ ಟೈಪ್ ಮಾಡುತ್ತದೆ. ಆದರೆ ಅಲ್ಲಿ ಕೇಳುತ್ತಿರುವುದು ಕಮಾಂಡ್ ನಡೆಸುವ ಶೆಲ್ ಅಲ್ಲ, ಹಳೆಯ ಪ್ರೋಗ್ರಾಂ. ಇಡೀ ಕಮಾಂಡ್ ಅದಕ್ಕೆ ಇನ್‌ಪುಟ್ ಆಗಿ ಹೋಗುತ್ತದೆ. ಪೈಥಾನ್ ಆದರೆ "ಇನ್‌ವ್ಯಾಲಿಡ್ ಲಿಟರಲ್ ಫಾರ್ ಇಂಟ್" ಎಂದು ಬೈದು, ಮುಂದೆ ಫೋಲ್ಡರ್‌ನ ಹೆಸರನ್ನೇ ಬರೆದು ತೋರಿಸುತ್ತದೆ. ಸಿ ಆದರೆ ಸ್ಕ್ಯಾನ್‌ಎಫ್ ಅಂಕಿ ಸಿಗದೆ ಕೈಬಿಡುತ್ತದೆ, ಉತ್ತರದ ಜಾಗದಲ್ಲಿ ಏನೋ ಕಸದ ಸಂಖ್ಯೆ ಬರುತ್ತದೆ. ಮತ್ತೆ ಓಡಿಸುವ ಮೊದಲು ಟರ್ಮಿನಲ್‌ನಲ್ಲಿ ಕಂಟ್ರೋಲ್+ಸಿ ಒತ್ತಿ ಹಳೆಯದನ್ನು ಕೊಲ್ಲಿ. ಪೈಥಾನ್‌ನ ಸ್ವಂತ ರನ್ ಬಟನ್‌ಗೂ ಇದೇ ಮಾತು ಅನ್ವಯ. ಟರ್ಮಿನಲ್‌ನಲ್ಲಿ >>> ಗುರುತು ಇದ್ದರೆ ಅಲ್ಲಿ ಪೈಥಾನ್ ಶೆಲ್ ತೆರೆದಿದೆ. ರನ್ ಒತ್ತಿದಾಗ ಕಮಾಂಡ್ ಅದರೊಳಗೆ ಬಿದ್ದು ಸಿಂಟ್ಯಾಕ್ಸ್ ಎರರ್ ಬರುತ್ತದೆ. ಎಕ್ಸಿಟ್ ಎಂದು ಬರೆದು ಖಾಲಿ ಆವರಣ ಹಾಕಿ ಹೊರಬನ್ನಿ. ಪದೇ ಪದೇ ಹೀಗಾಗುತ್ತಿದ್ದರೆ ಬಾಣದ ಪಟ್ಟಿಯಿಂದ "ರನ್ ಪೈಥಾನ್ ಫೈಲ್ ಇನ್ ಡೆಡಿಕೇಟೆಡ್ ಟರ್ಮಿನಲ್" ಆರಿಸಿ, ಫೈಲ್‌ಗೊಂದು ಟರ್ಮಿನಲ್ ಸಿಗುತ್ತದೆ.

ಪವರ್‌ಶೆಲ್‌ನಲ್ಲಿ ಕಮಾಂಡ್ ನಡುವೆ ಡಾಲರ್ ಗುರುತು, ಪ್ರಶ್ನೆ ಗುರುತು, ಪುಷ್ಪಾವರಣ ಕಂಡರೆ ಗಾಬರಿ ಬೇಡ. ವಿಂಡೋಸ್ ಜೊತೆ ಬರುವ 5.1ರ ಪವರ್‌ಶೆಲ್‌ಗೆ && ಅರ್ಥವಾಗುವುದಿಲ್ಲ, ಅದಕ್ಕಾಗಿ ಎಕ್ಸ್‌ಟೆನ್ಶನ್ ಮಾಡಿಕೊಂಡ ಬದಲಿ ವ್ಯವಸ್ಥೆ ಅದು.

ಡೀಬಗ್ ಮಾಡುವಾಗ ಮಾತ್ರ ನಿಂತರೆ

ಎಫ್5 ಒತ್ತಿದಾಗ ಎಲ್ಲಿ ಓಡಬೇಕು ಎಂಬುದನ್ನು ಡಾಟ್-ವಿಎಸ್‌ಕೋಡ್ ಫೋಲ್ಡರ್‌ನ ಲಾಂಚ್ ಜೇಸನ್ ಫೈಲ್ ನಿರ್ಧರಿಸುತ್ತದೆ. ಅದರಲ್ಲಿ ಕನ್ಸೋಲ್ ಎಂಬ ಸಾಲು ಇದ್ದರೆ ಅದರ ಬೆಲೆ ನೋಡಿ. ಇಂಟರ್ನಲ್ ಕನ್ಸೋಲ್ ಎಂದಿದ್ದರೆ ಪ್ರೋಗ್ರಾಂ ಡೀಬಗ್ ಕನ್ಸೋಲ್‌ನಲ್ಲಿ ಓಡುತ್ತದೆ, ಇನ್‌ಪುಟ್ ಹೋಗುವುದಿಲ್ಲ. ಉದ್ಧರಣ ಚಿಹ್ನೆಗಳ ನಡುವೆ ಕರ್ಸರ್ ಇಟ್ಟು ಕಂಟ್ರೋಲ್+ಸ್ಪೇಸ್ ಒತ್ತಿದರೆ ಬೆಲೆಗಳ ಪಟ್ಟಿ ಬರುತ್ತದೆ. ಇಂಟಿಗ್ರೇಟೆಡ್ ಟರ್ಮಿನಲ್ ಆರಿಸಿ. ಕೈಯಿಂದ ಟೈಪ್ ಮಾಡುವುದಕ್ಕಿಂತ ಇದು ವಾಸಿ, ಒಂದು ದೊಡ್ಡಕ್ಷರ ತಪ್ಪಿದರೂ ಸಾಲು ಕೆಲಸಕ್ಕೆ ಬರುವುದಿಲ್ಲ.

ನೋಡ್ ಜೆಎಸ್‌ಗೆ ಈ ಸಾಲು ಬರೆಯದೇ ಬಿಟ್ಟರೆ ಇಂಟರ್ನಲ್ ಕನ್ಸೋಲ್ ಎಂದೇ ಅರ್ಥ, ಹಾಗಾಗಿ ಇನ್‌ಪುಟ್ ಓದಲು ರೀಡ್‌ಲೈನ್ ಬಳಸುವ ಎಲ್ಲರೂ ಸಾಲು ಸೇರಿಸಲೇಬೇಕು. ಪೈಥಾನ್‌ಗೆ ತಾನಾಗಿ ಟರ್ಮಿನಲ್ ಸಿಗುತ್ತದೆ, ಯಾರೋ ಬದಲಿಸಿದ್ದರೆ ಮಾತ್ರ ತೊಂದರೆ. ಆದರೆ ಹಳೆಯ ಲಾಂಚ್ ಫೈಲ್‌ನಲ್ಲಿ ಟೈಪ್ ಎಂಬಲ್ಲಿ ಪೈಥಾನ್ ಎಂದಿದ್ದರೆ ಅದನ್ನು ಡೀಬಗ್‌ಪೈ ಎಂದು ಬದಲಿಸಿ. ಪೈಥಾನ್ ಡೀಬಗರ್ ಈಗ ಬೇರೆಯೇ ಎಕ್ಸ್‌ಟೆನ್ಶನ್, ಅದು ಇನ್‌ಸ್ಟಾಲ್ ಆಗಿದೆಯೇ ಎಂದೂ ನೋಡಿ. ಜಾವಾದವರು ಸೆಟಿಂಗ್ಸ್‌ನಲ್ಲಿ "ಜಾವಾ ಡೀಬಗ್ ಸೆಟಿಂಗ್ಸ್ ಕನ್ಸೋಲ್" ಹುಡುಕಿ ಅಲ್ಲೇ ಬದಲಿಸಬಹುದು.

ಸಿ, ಸಿ++ನಲ್ಲಿ ಜಿಡಿಬಿ ಅಥವಾ ಎಲ್‌ಎಲ್‌ಡಿಬಿ ಡೀಬಗರ್ ಬಳಸುವಾಗ ಸಾಲಿನ ಹೆಸರು ಎಕ್ಸ್‌ಟರ್ನಲ್ ಕನ್ಸೋಲ್, ಬೆಲೆ ಟ್ರೂ ಅಥವಾ ಫಾಲ್ಸ್. ವಿಂಡೋಸ್, ಲಿನಕ್ಸ್‌ಗಳಲ್ಲಿ ಫಾಲ್ಸ್ ಎಂದರೆ ಒಳಗಿನ ಟರ್ಮಿನಲ್, ಇನ್‌ಪುಟ್‌ಗೆ ತೊಂದರೆಯಿಲ್ಲ. ಮ್ಯಾಕ್‌ನಲ್ಲಿ ಹಾಗಲ್ಲ: ಅಲ್ಲಿ ಬಳಸುವ ಎಲ್‌ಎಲ್‌ಡಿಬಿ-ಎಂಐ ಡೀಬಗರ್‌ನ ಮಿತಿಯಿಂದಾಗಿ ಫಾಲ್ಸ್ ಎಂದರೆ ಡೀಬಗ್ ಕನ್ಸೋಲ್. ಮ್ಯಾಕ್‌ನವರು ಟ್ರೂ ಮಾಡಬೇಕು. ವಿಂಡೋಸ್ ಬಳಸುವ ಗೆಳೆಯರ ಲಾಂಚ್ ಫೈಲ್ ಎತ್ತಿಕೊಂಡು ಬಂದ ಮ್ಯಾಕ್ ಬಳಕೆದಾರರು ಮುಗ್ಗರಿಸುವುದು ಇಲ್ಲೇ.

ಇನ್‌ಪುಟ್ ಹೋಗುತ್ತದೆ, ಪ್ರಶ್ನೆ ಮಾತ್ರ ಕಾಣುವುದಿಲ್ಲ

ಇದು ಬಫರ್‌ನ (ಅಕ್ಷರಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಜಾಗದ) ಆಟ. ಸಿ ಭಾಷೆಯ ಪ್ರಿಂಟ್‌ಎಫ್ ಟರ್ಮಿನಲ್‌ಗೆ ಬರೆಯುವಾಗ ಒಂದು ರೀತಿ, ಪೈಪ್‌ಗೆ ಬರೆಯುವಾಗ ಇನ್ನೊಂದು ರೀತಿ. ಪೈಪ್ ಆದರೆ ಬಫರ್ ತುಂಬುವವರೆಗೆ ಅಥವಾ ಪ್ರೋಗ್ರಾಂ ಮುಗಿಯುವವರೆಗೆ ಅಕ್ಷರಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಪ್ರಶ್ನೆ ಕಾಣುವುದು ಉತ್ತರ ಕೊಟ್ಟಾದ ಮೇಲೆ, ಎಲ್ಲ ಸಾಲುಗಳೂ ಒಟ್ಟಿಗೆ. ಕೋಡ್ ರನ್ನರ್‌ನ ಔಟ್‌ಪುಟ್ ಪ್ಯಾನೆಲ್‌ನಲ್ಲಿ ಪೈಥಾನ್‌ನ ಪ್ರಶ್ನೆ ಕಾಣುತ್ತದೆ, ಸಿ ಪ್ರಶ್ನೆ ಕಾಣುವುದಿಲ್ಲ. ಕೋಡ್ ರನ್ನರ್ ಪೈಥಾನನ್ನು ಬಫರ್ ಬೇಡವೆನ್ನುವ -ಯು ಆಯ್ಕೆ ಸೇರಿಸಿ ಓಡಿಸುವುದೇ ಅದಕ್ಕೆ ಕಾರಣ.

ಟರ್ಮಿನಲ್‌ಗೆ ಬಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದಿದ್ದರೆ ಸಿಯಲ್ಲಿ ಪ್ರಶ್ನೆ ಕೇಳಿದ ಪ್ರತಿ ಪ್ರಿಂಟ್‌ಎಫ್ ನಂತರ ಎಸ್‌ಟಿಡಿಔಟ್‌ಗೆ ಎಫ್‌ಫ್ಲಶ್ ಹಾಕಿ. ಪೈಥಾನ್‌ನಲ್ಲಿ ಪ್ರಿಂಟ್‌ಗೆ ಫ್ಲಶ್ ಟ್ರೂ ಕೊಡಿ. ಸಿ++ನಲ್ಲಿ ಸಿಇನ್ ಓದುವ ಮೊದಲು ಸಿಔಟ್ ತಾನಾಗಿ ಖಾಲಿಯಾಗುತ್ತದೆ, ಏಕೆಂದರೆ ಎರಡಕ್ಕೂ ಗಂಟು ಹಾಕಿದೆ. ಕೋಡಿಂಗ್ ಸ್ಪರ್ಧೆಯ ಟೆಂಪ್ಲೇಟ್‌ನಿಂದ ವೇಗಕ್ಕೆಂದು ಸಿಇನ್ ಟೈ ನಲ್‌ಪಿಟಿಆರ್ ಸಾಲನ್ನು ಎತ್ತಿ ಹಾಕಿಕೊಂಡಿದ್ದರೆ ಆ ಗಂಟನ್ನು ನೀವೇ ಬಿಚ್ಚಿದ್ದೀರಿ. ಲ್ಯಾಬ್ ಪ್ರೋಗ್ರಾಂಗೆ ಆ ಸಾಲು ಬೇಕಿಲ್ಲ, ತೆಗೆದುಹಾಕಿ.

"ಪರ್ಮಿಷನ್ ಡಿನೈಡ್" ಬಂದರೆ

ವಿಂಡೋಸ್‌ನಲ್ಲಿ ಸಿ ಪ್ರೋಗ್ರಾಂ ಎರಡನೇ ಸಲ ಕಂಪೈಲ್ ಮಾಡುವಾಗ ಲಿಂಕರ್ "ಕೆನಾಟ್ ಓಪನ್ ಔಟ್‌ಪುಟ್ ಫೈಲ್, ಪರ್ಮಿಷನ್ ಡಿನೈಡ್" ಎಂದರೆ ಅಡ್ಮಿನ್ ಹಕ್ಕಿನ ಹಿಂದೆ ಓಡಬೇಡಿ. ಹಳೆಯ ಇಎಕ್ಸ್‌ಇ ಎಲ್ಲೋ ಕಾಣದ ಕಡೆ ಇನ್‌ಪುಟ್‌ಗಾಗಿ ಇನ್ನೂ ಕಾಯುತ್ತಿದೆ. ಓಡುತ್ತಿರುವ ಫೈಲ್ ಮೇಲೆ ಬರೆಯಲು ವಿಂಡೋಸ್ ಬಿಡುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್‌ನಲ್ಲಿ ನಿಮ್ಮ ಫೈಲ್‌ನ ಹೆಸರು ಹುಡುಕಿ ಎಂಡ್ ಟಾಸ್ಕ್ ಕೊಡಿ. ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲವನ್ನೂ.

ಕನ್ನಡ ಹೆಸರು, ಕನ್ನಡ ಅಂಕಿ

ಪೈಥಾನ್‌ನಲ್ಲಿ ಹೆಸರು ಕೇಳಿ ಕನ್ನಡದಲ್ಲಿ ಪ್ರಿಂಟ್ ಮಾಡುವ ಪ್ರೋಗ್ರಾಂ ವಿಂಡೋಸ್‌ನ ಟರ್ಮಿನಲ್‌ನಲ್ಲಿ ಓಡಿ, ಔಟ್‌ಪುಟ್ ಪ್ಯಾನೆಲ್‌ನಲ್ಲಿ ಮಾತ್ರ "ಚಾರ್‌ಮ್ಯಾಪ್ ಕೋಡೆಕ್ ಕಾಂಟ್ ಎನ್‌ಕೋಡ್" ಎಂದು ಬೀಳುವುದುಂಟು. 3.6ರಿಂದ ಪೈಥಾನ್ ವಿಂಡೋಸ್ ಕನ್ಸೋಲ್ ಜೊತೆ ಯೂನಿಕೋಡ್‌ನಲ್ಲೇ ಮಾತಾಡುತ್ತದೆ. ಪೈಪ್ ಎದುರಾದರೆ ಸಿಸ್ಟಂನ ಹಳೆಯ ಕೋಡ್ ಪೇಜ್‌ಗೆ (ಅಕ್ಷರಗಳ ಪಟ್ಟಿಗೆ), ಸಾಮಾನ್ಯವಾಗಿ 1252ಕ್ಕೆ, ಇಳಿಯುತ್ತದೆ. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಟರ್ಮಿನಲ್‌ಗೆ ಬನ್ನಿ, ಅಥವಾ ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ; ಹೆಸರು ಪೂರ್ತಿ ಇಂಗ್ಲಿಷ್ ದೊಡ್ಡಕ್ಷರ, ನಡುವೆ ಜಾಗವಿಲ್ಲ, 3.7ರಿಂದ ನಡೆಯುತ್ತದೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ಚದುರಿದಂತೆ ಕಂಡರೆ ಅದು ಅಕ್ಷರಗಳನ್ನು ಸಮ ಚೌಕಗಳಲ್ಲಿ ಕೂರಿಸುವ ಟರ್ಮಿನಲ್ ಪರದೆಯ ದೋಷ, ಒಳಗಿನ ಅಕ್ಷರ ಕೆಟ್ಟಿಲ್ಲ.

ಕೀಲಿಮಣೆ ಕನ್ನಡದಲ್ಲೇ ಉಳಿದು ೧೨ ಎಂದು ಬಿದ್ದರೆ ಏನಾಗುತ್ತದೆ? ಪೈಥಾನ್‌ನ ಇಂಟ್ ಅದನ್ನು 12 ಎಂದೇ ಒಪ್ಪುತ್ತದೆ. ಸಿಯ ಸ್ಕ್ಯಾನ್‌ಎಫ್ ಒಪ್ಪುವುದಿಲ್ಲ. ಮೆನು ಇರುವ ಪ್ರೋಗ್ರಾಂ ಆಗಿದ್ದರೆ ಆ ಅಕ್ಷರಗಳು ಬಫರ್‌ನಲ್ಲೇ ಉಳಿದು, ಮೆನು ನಿಲ್ಲದೆ ಸುರಿಯತೊಡಗುತ್ತದೆ. ಸ್ಕ್ಯಾನ್‌ಎಫ್ ಹಿಂತಿರುಗಿಸುವ ಸಂಖ್ಯೆ 1 ಹೌದೇ ಎಂದು ಪರೀಕ್ಷಿಸಿ, ಅಲ್ಲವಾದರೆ ಸಾಲಿನ ಕೊನೆವರೆಗೆ ಅಕ್ಷರಗಳನ್ನು ಓದಿ ಬಿಸಾಡಿ.

ಅಪ್‌ಡೇಟ್ ಮೇಲೆ ಹೊರಿಸಬಾರದ ತಪ್ಪು: ಉಳಿದುಹೋದ ಎಂಟರ್

ವಯಸ್ಸು ಕೇಳಿದ ಮೇಲೆ ಹೆಸರು ಕೇಳುವ ಸಾಲನ್ನು ಪ್ರೋಗ್ರಾಂ ಹಾರಿಸಿ ಹೋದರೆ, ಅದು ಮೊದಲಿನಿಂದ ಇದ್ದದ್ದು. ನೀವು 25 ಹೊಡೆದು ಎಂಟರ್ ಒತ್ತಿದಿರಿ. ಸ್ಕ್ಯಾನ್‌ಎಫ್ 25 ಎತ್ತಿಕೊಂಡಿತು, ಎಂಟರ್ ಬಿಟ್ಟಿತು. ಮುಂದಿನ ಎಫ್‌ಗೆಟ್ಸ್ ಆ ಎಂಟರನ್ನು ಖಾಲಿ ಸಾಲೆಂದು ಓದಿತು. ಸಿಯಲ್ಲಿ ಒಂದೇ ಅಕ್ಷರ ಓದುವುದಾದರೆ ಶೇಕಡಾ ಗುರುತಿಗೆ ಮೊದಲು ಒಂದು ಖಾಲಿ ಜಾಗ ಬಿಡಿ. ಸಿ++ನಲ್ಲಿ ಗೆಟ್‌ಲೈನ್‌ಗೆ ಮೊದಲು ಡಬ್ಲ್ಯುಎಸ್ ಮೂಲಕ ಖಾಲಿಗಳನ್ನು ನುಂಗಿಸಿ. ಜಾವಾದಲ್ಲಿ ನೆಕ್ಸ್ಟ್‌ಇಂಟ್ ಆದ ಮೇಲೆ ಒಂದು ನೆಕ್ಸ್ಟ್‌ಲೈನ್ ವ್ಯರ್ಥವಾಗಿ ಕರೆಯಿರಿ.

ಫೈಲ್‌ನಿಂದ ಇನ್‌ಪುಟ್ ಕೊಡುವವರು ಗಮನಿಸಿ: ವಿಎಸ್ ಕೋಡ್ ವಿಂಡೋಸ್‌ನಲ್ಲಿ ತಾನಾಗಿ ತೆರೆಯುವ ಪವರ್‌ಶೆಲ್‌ನಲ್ಲಿ < ಗುರುತು ನಡೆಯುವುದಿಲ್ಲ. ಟರ್ಮಿನಲ್‌ನ ಕೂಡು ಗುರುತಿನ ಪಕ್ಕದ ಬಾಣದಿಂದ ಕಮಾಂಡ್ ಪ್ರಾಂಪ್ಟ್ ಆರಿಸಿದರೆ ನಡೆಯುತ್ತದೆ. ಇನ್‌ಪುಟ್ ಮುಗಿಯಿತು ಎಂದು ಹೇಳಲು ವಿಂಡೋಸ್‌ನಲ್ಲಿ ಹೊಸ ಸಾಲಿನ ಮೊದಲಲ್ಲಿ ಕಂಟ್ರೋಲ್+ಝಡ್, ಆಮೇಲೆ ಎಂಟರ್. ಲಿನಕ್ಸ್, ಮ್ಯಾಕ್‌ಗಳಲ್ಲಿ ಕಂಟ್ರೋಲ್+ಡಿ. ಲಿನಕ್ಸ್‌ನಲ್ಲಿ ಅಭ್ಯಾಸಬಲದಿಂದ ಕಂಟ್ರೋಲ್+ಝಡ್ ಒತ್ತಿದರೆ ಪ್ರೋಗ್ರಾಂ ಮುಗಿಯುವುದಿಲ್ಲ, ಅರ್ಧಕ್ಕೆ ಮಲಗುತ್ತದೆ. ಎಫ್‌ಜಿ ಎಂದು ಹೊಡೆದು ಎಬ್ಬಿಸಿ.

ನಿಜವಾಗಿ ಅಪ್‌ಡೇಟೇ ಕೆಟ್ಟಿದ್ದರೆ

ಮೇಲಿನದೆಲ್ಲ ನೋಡಿಯೂ ದಾರಿ ಕಾಣದಿದ್ದರೆ ಈಗ ಎಕ್ಸ್‌ಟೆನ್ಶನ್ ಮೇಲೆ ಸಂಶಯ ಪಡಬಹುದು. ಕಂಟ್ರೋಲ್+ಶಿಫ್ಟ್+ಪಿ ಒತ್ತಿ "ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್" ಹುಡುಕಿ. ಅದು ಅರ್ಧ ಎಕ್ಸ್‌ಟೆನ್ಶನ್‌ಗಳನ್ನು ಆಫ್ ಮಾಡಿ ಈಗ ಸರಿಯಾಯಿತೇ ಎಂದು ಕೇಳುತ್ತದೆ, ಉತ್ತರ ನೋಡಿ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತದೆ. 32 ಎಕ್ಸ್‌ಟೆನ್ಶನ್ ಇದ್ದರೂ ಐದಾರು ಸುತ್ತಿಗೆ ಕಳ್ಳ ಸಿಕ್ಕಿಬೀಳುತ್ತದೆ. ಭಾಷೆಯ ಎಕ್ಸ್‌ಟೆನ್ಶನ್ ಆಫ್ ಆದ ಸುತ್ತಿನಲ್ಲಿ ರನ್ ಬಟನ್ನೇ ಮಾಯವಾಗಬಹುದು, ಆಗ ಟರ್ಮಿನಲ್‌ನಲ್ಲಿ ಕಮಾಂಡ್ ಬರೆದು ಪರೀಕ್ಷಿಸಿ.

ಸಿಕ್ಕಿದ ಎಕ್ಸ್‌ಟೆನ್ಶನ್‌ನ ಪಕ್ಕದ ಗಿಯರ್ ಒತ್ತಿ "ಇನ್‌ಸ್ಟಾಲ್ ಸ್ಪೆಸಿಫಿಕ್ ವರ್ಷನ್" ಆರಿಸಿ, ಹಿಂದಿನ ಆವೃತ್ತಿ ಹಾಕಿ. ಅಲ್ಲೇ ಆಟೋ ಅಪ್‌ಡೇಟ್‌ನ ಟಿಕ್ ತೆಗೆಯದಿದ್ದರೆ ನಾಳೆ ಮತ್ತೆ ಅದೇ ಹೊಸ ಆವೃತ್ತಿ ಬಂದು ಕೂರುತ್ತದೆ. ಆಮೇಲೆ "ರೀಲೋಡ್ ವಿಂಡೋ" ಕೊಡಿ, ಹಳೆಯ ಟರ್ಮಿನಲ್‌ಗಳನ್ನು ಕಸದ ಡಬ್ಬಿ ಗುರುತು ಒತ್ತಿ ಮುಚ್ಚಿ ಹೊಸದು ತೆರೆಯಿರಿ. ಸರಿಮಾಡಿದ ಆವೃತ್ತಿ ಬಂದಾಗ ಆ ಟಿಕ್ ಮತ್ತೆ ಹಾಕಿ.